ಮಾಡಿದವರು ಮರೆಯಲಿ, ಪಡೆದವರು ಮರೆಯದಿರಲಿ

ಮೂವತ್ತು ವರ್ಷ ಹಿಂದೆ ನಿಂತು ದುಡಿದವರನ್ನು ಒಂದು ಭಾನುವಾರ ಮುಂದೆ ಕರೆದು ನಿಲ್ಲಿಸುತ್ತೇವಲ್ಲ, ಆಗ ನಾವು ನಿಜವಾಗಿ ಮಾಡುವುದೇನು? ಬಳ್ಳಾರಿ ನಗರದ ದೊಡ್ಡ ಚರ್ಚಿರಲಿ, ಸಿರುಗುಪ್ಪ, ಕುರುಗೋಡು ಕಡೆಯ ಹತ್ತಿಪ್ಪತ್ತು ಮನೆಯ ಸಭೆಯಿರಲಿ, ಗೌರವಿಸುವ ರೀತಿ ಹೆಚ್ಚುಕಡಿಮೆ ಒಂದೇ. ಆರಾಧನೆ ಮುಗಿಯುತ್ತಲೇ ಕಾರ್ಯದರ್ಶಿ ಹೆಸರು ಓದುತ್ತಾರೆ. ಹಿಂದಿನ ಸಾಲಿನಿಂದ ಒಬ್ಬರು ಎದ್ದು ಬರುತ್ತಾರೆ. ಶಾಲು, ಹಾರ, ಹಣ್ಣಿನ ತಟ್ಟೆ, ನೆನಪಿನ ಕಾಣಿಕೆ, ಒಂದು ಫೋಟೋ, ಚಪ್ಪಾಳೆ. ಎರಡು ಮಾತಾಡಿರೆಂದು ಮೈಕು ಕೊಟ್ಟರೆ ಬರುವ ಮಾತೂ ಒಂದೇ: “ನಾನೇನ್ ಮಾಡೀನಿ ಬಿಡ್ರಿ, ಎಲ್ಲಾ ದೇವರು ಮಾಡಿಸ್ಯಾನ.”

ಈ ಮಾತನ್ನು ವಿನಯವೆಂದು ತಿಳಿದು ನಾವು ಇನ್ನೊಂದು ಸಲ ಚಪ್ಪಾಳೆ ತಟ್ಟುತ್ತೇವೆ. ಆದರೆ ಅದರಲ್ಲಿ ವಿನಯಕ್ಕಿಂತ ಹೆಚ್ಚಿನದು ಇದೆಯೆಂದು ನನಗೆ ಅನ್ನಿಸುತ್ತದೆ. ತಾವು ಏನೇನು ಮಾಡಿದೆವೆಂಬುದು ಅವರಿಗೆ ನಿಜವಾಗಿಯೂ ನೆನಪಿಲ್ಲ. ವಾರ ತಪ್ಪದೆ ಬಾಗಿಲು ತೆಗೆದವರು ಎಷ್ಟು ಸಲ ತೆಗೆದೆನೆಂದು ಲೆಕ್ಕ ಇಟ್ಟಿರುವುದಿಲ್ಲ. ಲೆಕ್ಕ ಇಟ್ಟಿದ್ದರೆ ಅಷ್ಟು ವರ್ಷ ತೆಗೆಯಲು ಆಗುತ್ತಿತ್ತೋ ಇಲ್ಲವೋ. ಹಾಗಾದರೆ ಅವರೇ ಮರೆತದ್ದನ್ನು ನಾವು ಎತ್ತಿ ಆಡಿ ಗೌರವಿಸುವುದು ಸರಿಯೇ? ಗೌರವಿಸದೆ ಬಿಟ್ಟುಬಿಡುವುದು ಸರಿಯೇ? ಸಭೆಯೆಂದರೆ ಏನು, ಅಲ್ಲಿ ಒಬ್ಬರಿಗೊಬ್ಬರು ಏನಾಗಬೇಕು ಎಂಬ ದೊಡ್ಡ ಪ್ರಶ್ನೆ ಈ ಸಣ್ಣ ಪ್ರಶ್ನೆಗಳ ಒಳಗೇ ಕೂತಿದೆ.

ಸುವಾರ್ತೆಯನ್ನು ತೆರೆದರೆ ಮೊದಲು ಸಿಗುವುದು ಎಚ್ಚರಿಕೆ. ಬೆಟ್ಟದ ಮೇಲಿನ ಪ್ರಸಂಗದಲ್ಲಿ ಯೇಸುಸ್ವಾಮಿ, ಧರ್ಮಕಾರ್ಯ ಮಾಡುವ ಬಲಗೈಯ ಸುದ್ದಿ ಎಡಗೈಗೂ ಗೊತ್ತಾಗಬಾರದೆಂದು ಹೇಳುತ್ತಾರೆ. ಜನ ನೋಡಲೆಂದು ಮಾಡಿದವರಿಗೆ ಜನ ನೋಡಿದ್ದೇ ಕೂಲಿ, ಅದಕ್ಕಿಂತ ಹೆಚ್ಚು ಬರುವುದಿಲ್ಲ. ಲೂಕನ ಸುವಾರ್ತೆಯಲ್ಲಿ ಮಾತು ಇನ್ನೂ ಬಿಗಿಯಾಗುತ್ತದೆ. ಹೊಲ ಉತ್ತು ಮನೆಗೆ ಬಂದ ಆಳು ಮತ್ತೆ ಒಡೆಯನಿಗೆ ಅಡಿಗೆ ಮಾಡಿ ಬಡಿಸಬೇಕು; ಅದಕ್ಕೆ ಒಡೆಯ ಉಪಕಾರ ಹೇಳುವುದಿಲ್ಲ; ಶಿಷ್ಯರೂ ಎಲ್ಲ ಮುಗಿಸಿದ ಮೇಲೆ ತಮ್ಮ ಪಾಲಿನ ಕೆಲಸವಷ್ಟೇ ಆಯಿತೆಂದು ತಿಳಿಯಬೇಕು. ದಿನವೆಲ್ಲ ಭತ್ತದ ಗದ್ದೆಯಲ್ಲಿ ಬಾಗಿ, ಸಂಜೆ ಮನೆಗೆ ಬಂದು ಮತ್ತೆ ಒಲೆ ಹಚ್ಚುವ ಹೆಂಗಸರಿರುವ ಸಿರುಗುಪ್ಪ ಸೀಮೆಯಲ್ಲಿ ಈ ದೃಷ್ಟಾಂತವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಇಷ್ಟಕ್ಕೇ ಪುಸ್ತಕ ಮುಚ್ಚಿದರೆ ದೇವರ ಮನೆಯಲ್ಲಿ ಮನುಷ್ಯನಿಗೆ ಹಾರವೇಕೆ ಎಂದು ಕೇಳುವವರ ಮಾತೇ ಗೆಲ್ಲುತ್ತದೆ.

ಆದರೆ ಅದೇ ಪುಸ್ತಕದಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರವೂ ಇದೆ. ಪಾಪ, ಕೃಪೆ, ನಂಬಿಕೆ, ಬಿಡುಗಡೆಗಳ ಬಗ್ಗೆ ಹದಿನೈದು ಅಧ್ಯಾಯ ಬರೆದವನು ಹದಿನಾರನೆಯದಕ್ಕೆ ಬಂದಾಗ ಬರೀ ಹೆಸರುಗಳನ್ನು ಬರೆಯುತ್ತಾನೆ. ಓದುವಾಗ ನಾವು ದಾಟಿಕೊಂಡು ಹೋಗುವ ಅಧ್ಯಾಯ ಅದು. ಮೊದಲ ಹೆಸರು ಒಬ್ಬ ಹೆಣ್ಣುಮಗಳದು, ಕೆಂಖ್ರೆಯ ಸಭೆಯ ಸೇವೆಯಲ್ಲಿದ್ದ ಫೊಯಿಬೆ. ಆಮೇಲೆ ಅವನಿಗಾಗಿ ಕುತ್ತಿಗೆ ಒಡ್ಡಿದ ಪ್ರಿಸ್ಕ ಮತ್ತು ಅಕ್ವಿಲ ದಂಪತಿ. ಬಹಳ ದುಡಿದ ಮರಿಯಳು. ತ್ರುಫೈನ, ತ್ರುಫೋಸ, ಪೆರ್ಸೀಸ ಎಂಬ ಮೂವರು ಹೆಂಗಸರು, ಅವರೂ ದುಡಿದವರೇ. ರೂಫನ ತಾಯಿ, ಅವಳು ತನಗೂ ತಾಯಿಯೇ ಆಗಿದ್ದಳೆಂದು ಪೌಲ ನೆನೆಯುತ್ತಾನೆ. ಹಲವು ಹೆಸರುಗಳ ಮುಂದೆ ಅವರವರು ಮಾಡಿದ್ದು ಒಂದು ಮಾತಿನಲ್ಲಿ. ಎಲ್ಲರಿಗೂ ಒಂದೇ ಹೊಗಳಿಕೆ ಹಂಚಿದ್ದಲ್ಲ. ಇನ್ನೇನು ಪತ್ರ ಮುಗಿಯಬೇಕು, ಅಷ್ಟರಲ್ಲಿ ಪೌಲನ ಮಾತನ್ನು ಕೇಳಿ ಬರೆದುಕೊಳ್ಳುತ್ತಿದ್ದ ತೆರ್ತ್ಯ ಎಂಬ ಲಿಪಿಕಾರ ತನ್ನ ಹೆಸರಿನಲ್ಲೂ ಒಂದು ವಂದನೆ ಸೇರಿಸುತ್ತಾನೆ. ಪೌಲ ಅದನ್ನು ಹೊಡೆದುಹಾಕಲಿಲ್ಲ. ಎರಡು ಸಾವಿರ ವರ್ಷಗಳಿಂದ ಆ ಬರೆದ ಕೈಗೂ ಒಂದು ಹೆಸರಿದೆ.

ಒಂದು ಕಡೆ ಮರೆಯಾಗಿ ಮಾಡು ಎಂಬ ಅಪ್ಪಣೆ, ಇನ್ನೊಂದು ಕಡೆ ಹೆಸರು ಹಿಡಿದು ನೆನೆಯುವ ಪತ್ರ. ಇವೆರಡೂ ಹೊಂದುವ ಜಾಗ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ. ಕಡೆಯ ದಿನದಲ್ಲಿ ಅರಸನು ನೀತಿವಂತರನ್ನು ಕರೆದು ಅವರು ಮಾಡಿದ್ದನ್ನು ಒಂದೊಂದಾಗಿ ಹೇಳುತ್ತಾನೆ. ಹಸಿದಿದ್ದಾಗ ಊಟ, ಬಾಯಾರಿದಾಗ ನೀರು, ಪರದೇಶಿಯಾಗಿದ್ದಾಗ ಜಾಗ, ಬಟ್ಟೆಯಿಲ್ಲದಾಗ ಬಟ್ಟೆ, ಕಾಯಿಲೆಯಲ್ಲಿ ಆರೈಕೆ, ಸೆರೆಮನೆಗೆ ಭೇಟಿ. ಅವರು ತಬ್ಬಿಬ್ಬಾಗಿ, ನಾವು ಯಾವಾಗ ನಿನಗೆ ಇದನ್ನೆಲ್ಲ ಮಾಡಿದೆವು ಎಂದು ಕೇಳುತ್ತಾರೆ. ಮಾಡಿದವರಿಗೆ ನೆನಪಿಲ್ಲ, ಪಡೆದವನಿಗೆ ಪ್ರತಿಯೊಂದೂ ನೆನಪಿದೆ. ನಮ್ಮ ಹಿರಿಯರು ಮೈಕು ಹಿಡಿದು ನಾನೇನು ಮಾಡೀನಿ ಎನ್ನುವಾಗ ಆಡುವುದು ಆ ನೀತಿವಂತರ ಮಾತನ್ನೇ. ಹಾಗಿದ್ದರೆ ಸಭೆ ಆಡಬೇಕಾದದ್ದು ಅರಸನ ಮಾತು. ಮರೆಯುವುದು ಮಾಡಿದವರ ಧರ್ಮ, ನೆನೆಯುವುದು ಪಡೆದವರ ಧರ್ಮ. ಮಾಡಿದವರು ನೆನೆಸಿಕೊಳ್ಳುತ್ತ ಕೂತರೆ ಅಹಂಕಾರ ಹುಟ್ಟುತ್ತದೆ, ಪಡೆದವರು ಮರೆತರೆ ಕೃತಘ್ನತೆ. ಇದೇ ನನಗೆ ದಾರಿದೀಪ. ಇದನ್ನು ಹಿಡಿದು ನಮ್ಮ ಊರನ್ನು ನೋಡಬೇಕು.

ಬಳ್ಳಾರಿಯ ಕ್ರೈಸ್ತ ಸಭೆಯ ಕಥೆಯನ್ನು ಹೇಳುವಾಗ ನಾವು 1810ರಿಂದ ಶುರುಮಾಡುತ್ತೇವೆ. ಆ ವರ್ಷ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದರು. ಆಗ ಬಳ್ಳಾರಿ ಮದರಾಸು ಪ್ರಾಂತ್ಯಕ್ಕೆ ಸೇರಿದ ದಂಡಿನ ಊರು. ಹ್ಯಾಂಡ್ಸ್ ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತಂದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಅವರ ಜೊತೆಗಾರ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಬಂತು. 1846ರಲ್ಲಿ ಅದೇ ಸೊಸೈಟಿಯ ವಾರ್ಡ್ಲಾ ಅವರ ಶಾಲೆ ಶುರುವಾಯಿತು, ಇಂದಿಗೂ ಆ ಹೆಸರು ಬಳ್ಳಾರಿಯವರ ಬಾಯಲ್ಲಿದೆ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿದಾಗ ಆ ಮಿಷನ್ನಿನ ಸಭೆಗಳು ಅದರೊಳಗೆ ಸೇರಿದವು. 1949ರಲ್ಲಿ ಬಳ್ಳಾರಿ ಕಥೋಲಿಕ ಧರ್ಮಪ್ರಾಂತ್ಯವಾಯಿತು. ಈ ಇಸವಿಗಳೆಲ್ಲ ಸರಿ. ಕಡಲು ದಾಟಿ ಬಂದು ನಮ್ಮ ಭಾಷೆಗೆ ದುಡಿದವರ ಋಣ ದೊಡ್ಡದು, ಅದನ್ನು ಕಡಿಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ.

ಆದರೂ ಈ ಕಥೆಯ ಒಂದೊಂದು ಇಸವಿಯ ಹಿಂದೆ ನಿಂತವರನ್ನು ಹುಡುಕಿದರೆ ಸದ್ದೇ ಇಲ್ಲ. ಬಿಸಿಲ ಬಳ್ಳಾರಿಗೆ ಬಂದಿಳಿದ ಪರಭಾಷೆಯವರೊಬ್ಬರು ಕನ್ನಡದ ವಿಭಕ್ತಿ ಪ್ರತ್ಯಯಗಳನ್ನು ಕಲಿತದ್ದು ಯಾರ ಎದುರು ಕೂತು? ಈ ಶಬ್ದ ಇಲ್ಲಿ ಒಪ್ಪುವುದಿಲ್ಲ ಸ್ವಾಮಿ, ಜನ ಹೀಗೆ ಮಾತಾಡುವುದಿಲ್ಲ ಎಂದು ತಿದ್ದಿದವರು ಯಾರು? ಕನ್ನಡ ಬಲ್ಲ ಪಂಡಿತರ ನೆರವಿಲ್ಲದೆ ಅನುವಾದವೂ ಆಗದು, ನಿಘಂಟೂ ಆಗದು. ಅಕ್ಷರದ ಮೊಳೆ ಜೋಡಿಸಿದವರು, ಕರಡು ಓದಿದವರು, ಮನೆಮನೆಗೆ ಹೋಗಿ ಹೆಂಗಸರಿಗೆ ಓದಿ ಹೇಳಿದ ಬೈಬಲ್ ಹೆಂಗಸರು, ಹಳ್ಳಿಯಿಂದ ಹಳ್ಳಿಗೆ ನಡೆದ ಉಪದೇಶಿಗಳು, ಇವರೆಲ್ಲ ಇದ್ದೇ ಇದ್ದರು. ಅಪರೂಪಕ್ಕೆ ಒಂದೊಂದು ಹೆಸರು ಉಳಿದಿದೆ. ಬಳ್ಳಾರಿಯ ತಮಿಳು ಸಭೆಯನ್ನು ನಡೆಸಿದ ದೇಶೀಯ ಬೋಧಕ ಸ್ಯಾಮ್ಯುಯೆಲ್ ಫ್ಲೇವೆಲ್ ಅಂಥ ಒಬ್ಬರು. ಉಳಿದವರಿಗೆ ತೆರ್ತ್ಯನಿಗೆ ಸಿಕ್ಕ ಒಂದು ಸಾಲೂ ಸಿಗಲಿಲ್ಲ.

1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಮದರಾಸು ಪ್ರಾಂತ್ಯದಲ್ಲೇ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಸತ್ತವರ ಅಂದಾಜು, ಬಂದ ಧಾನ್ಯದ ಲೆಕ್ಕ, ಖರ್ಚಾದ ಹಣ, ಎಲ್ಲ ಸರಕಾರಿ ವರದಿಗಳಲ್ಲಿವೆ. ಗಂಜಿಯ ಹಂಡೆಯ ಮುಂದೆ ನಿಂತು ಸೌಟು ಆಡಿಸಿದವರ ಹೆಸರು ಯಾವ ವರದಿಯಲ್ಲೂ ಬೇಕಾಗಿರಲಿಲ್ಲ. ಇದು ಚರ್ಚಿನ ದೋಷ ಮಾತ್ರವಲ್ಲ, ಚರಿತ್ರೆ ಬರೆಯುವ ಎಲ್ಲರ ಅಭ್ಯಾಸ. ಆದರೆ ಪೌಲನ ಆ ಹದಿನಾರನೇ ಅಧ್ಯಾಯವನ್ನು ಕೈಯಲ್ಲಿ ಹಿಡಿದ ಸಭೆಗೆ ಈ ಅಭ್ಯಾಸ ಒಪ್ಪುವಂಥದ್ದಲ್ಲ. ನೂರು ವರ್ಷದ ಹಿಂದಿನವರ ಹೆಸರನ್ನು ನಾವು ಮರಳಿ ತರಲಾರೆವು. ಈಗ ನಮ್ಮ ಪಕ್ಕದಲ್ಲಿ ಕೂತಿರುವವರದು ಹಾಗಾಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಸಭೆಯಲ್ಲಿ ಸ್ವಯಂಸೇವೆ ಹೇಗೆ ಹುಟ್ಟಿತೆಂಬುದೂ ಬಳ್ಳಾರಿಯವರಿಗೆ ಹತ್ತಿರವಾದ ಸಂಗತಿ. ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯದಲ್ಲಿ ಒಂದು ಜಗಳವಿದೆ. ಯೆರೂಸಲೇಮಿನಲ್ಲಿ ದಿನದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವವರ ವಿಧವೆಯರನ್ನು ಕಡೆಗಣಿಸುತ್ತಾರೆಂಬ ಗೊಣಗಾಟ ಎದ್ದಿತು. ಭಾಷೆಯ ಅಂಚಿನಲ್ಲಿ ಬಿದ್ದ ಬಡ ಹೆಂಗಸರ ತಟ್ಟೆಯ ಪ್ರಶ್ನೆ ಅದು. ಅದಕ್ಕೆ ಉತ್ತರವಾಗಿ ಏಳು ಜನರನ್ನು ಆರಿಸಿದರು. ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ, ಅಂದರೆ ದೂರು ಕೊಟ್ಟ ಕಡೆಯವರನ್ನೇ ಬಡಿಸುವ ಜಾಗದಲ್ಲಿ ನಿಲ್ಲಿಸಿದಂತಿದೆ. ಕನ್ನಡ, ತೆಲುಗು, ತಮಿಳು, ಇಂಗ್ಲಿಷುಗಳು ಒಂದೇ ಆವರಣದಲ್ಲಿ ಓಡಾಡುವ ಬಳ್ಳಾರಿಯಲ್ಲಿ ಈ ಏಳು ಮಂದಿಯ ಕೆಲಸ ಇಂದಿಗೂ ಮುಗಿದಿಲ್ಲ. ಪ್ರಸಂಗದ ಒಂದೊಂದು ವಾಕ್ಯವನ್ನು ತೆಲುಗಿಗೋ ಕನ್ನಡಕ್ಕೋ ತಿರುಗಿಸಿ ಹೇಳುವವರು, ಎರಡೂ ಭಾಷೆಯ ಕೀರ್ತನೆಗಳಿಗೆ ಹಾರ್ಮೋನಿಯಂ ಹಿಡಿಯುವವರು, ಹೊಸದಾಗಿ ಬಂದ ಕೂಲಿಯವರ ಕುಟುಂಬಕ್ಕೆ ಅವರದೇ ಮಾತಿನಲ್ಲಿ ಬನ್ನಿ ಎಂದು ಜಾಗ ತೋರಿಸುವವರು, ಇವರಿಲ್ಲದಿದ್ದರೆ ಒಂದು ಸಭೆ ನಾಲ್ಕು ಗುಂಪಾಗಲು ಹೆಚ್ಚು ದಿನ ಬೇಡ.

ಇಂಥ ಕೆಲಸಗಳಿಗೆ ದೊಡ್ಡತನ ಬರುವುದು ಅವುಗಳ ಉದ್ದದಿಂದ. ಒಂದು ಸಲ ಮಾಡಿದರೆ ಬಾಗಿಲು ತೆಗೆಯುವುದು ಏನೂ ಅಲ್ಲ. ಮೂವತ್ತು ವರ್ಷವೆಂದರೆ ಸಾವಿರದ ಐನೂರಕ್ಕೂ ಹೆಚ್ಚು ಭಾನುವಾರಗಳು. ಅದರಲ್ಲಿ ನಲವತ್ತು ಡಿಗ್ರಿಯ ಏಪ್ರಿಲ್ ಬಂತು, ಮಗಳ ಮದುವೆಯ ವಾರ ಬಂತು, ಹೆಂಡತಿಯ ಆಪರೇಷನ್ ಬಂತು, ಹೊಲದ ಕೆಲಸ ಮೈಮೇಲೆ ಬಿದ್ದ ದಿನಗಳು ಬಂದವು, ಸಭೆಯಲ್ಲಿ ಜಗಳವಾಗಿ ಅರ್ಧ ಜನ ಮಾತು ಬಿಟ್ಟ ಕಾಲವೂ ಬಂತು. ಪುನರುತ್ಥಾನದ ಹಬ್ಬದ ನಸುಕಿನ ಆರಾಧನೆಗೆ ಎಲ್ಲರೂ ಬರುವ ಮುಂಚೆ ಯಾರೋ ಬಂದು ಕಸ ಹೊಡೆದು ಚಾಪೆ ಹಾಸಿರಬೇಕು. ಕ್ರಿಸ್ಮಸ್ ತಿಂಗಳಲ್ಲಿ ಕ್ಯಾರಲ್ ಹಾಡಲು ಮನೆಮನೆ ತಿರುಗಿ ಮಧ್ಯರಾತ್ರಿ ಮುಗಿದ ಮೇಲೆ ಹುಡುಗ ಹುಡುಗಿಯರನ್ನು ಅವರವರ ಮನೆ ಮುಟ್ಟಿಸುವ ಜವಾಬ್ದಾರಿ ಒಬ್ಬರದು. ಸಂಡೇ ಸ್ಕೂಲಿನ ಟೀಚರಮ್ಮ ತಾನು ಕಲಿಸಿದವರ ಮಕ್ಕಳಿಗೂ ಕಲಿಸಿ, ಈಗ ಮೊಮ್ಮಕ್ಕಳಿಗೆ ದಾವೀದ, ಗೊಲ್ಯಾತರ ಕಥೆ ಹೇಳುತ್ತಿರುತ್ತಾರೆ. ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ಕಾಯಿಲೆಯವರನ್ನು ಜಿಲ್ಲಾ ಕೇಂದ್ರದ ಸರಕಾರಿ ಆಸ್ಪತ್ರೆಗೆ ಕರೆತಂದವರಿಗೆ ಬಳ್ಳಾರಿ ಸಭೆಯ ಒಬ್ಬರ ಫೋನ್ ನಂಬರು ಬಾಯಿಪಾಠವಾಗಿರುತ್ತದೆ. ಮನೆಯಲ್ಲಿ ಅವ್ವನ ಕೆಲಸ ಅವ್ವ ಹಾಸಿಗೆ ಹಿಡಿದ ದಿನವೇ ಕಣ್ಣಿಗೆ ಬೀಳುವ ಹಾಗೆ, ಈ ಕೆಲಸಗಳೂ ನಿಂತಾಗಷ್ಟೇ ಕಾಣುತ್ತವೆ.

ಇವುಗಳಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಮಣ್ಣು ಮಾಡುವವರ ಹತ್ತಿರ. ಸಾವಿನ ಸುದ್ದಿ ಬಂದ ಕೂಡಲೇ ಪೆಟ್ಟಿಗೆಗೆ ಹೇಳುವವರು, ಗುಂಡಿ ತೋಡುವವರನ್ನು ಕರೆತರುವವರು, ಹೆಣಕ್ಕೆ ಸ್ನಾನ ಮಾಡಿಸಿ ಬಟ್ಟೆ ಉಡಿಸುವವರು ಪ್ರತಿ ಸಭೆಯಲ್ಲೂ ಇಬ್ಬರೋ ಮೂವರೋ ಇರುತ್ತಾರೆ. 2020ರ ಜೂನ್ ಕೊನೆಯಲ್ಲಿ, ಕೋವಿಡ್‌ನಿಂದ ಸತ್ತವರ ದೇಹಗಳನ್ನು ಬಳ್ಳಾರಿಯಲ್ಲಿ ಒಂದೇ ಗುಂಡಿಗೆ ಎಸೆಯುತ್ತಿದ್ದ ದೃಶ್ಯವನ್ನು ದೇಶವೆಲ್ಲ ನೋಡಿತು. ಜಿಲ್ಲಾಡಳಿತ ಕ್ಷಮೆ ಕೇಳಿತು. ಆ ದಿನ ಊರಿಗೆ ಊರೇ ತಲೆ ತಗ್ಗಿಸಿತು. ಸತ್ತವರನ್ನು ಇಳಿಸುವ ಕೈಯಲ್ಲಿ ಎಷ್ಟು ಮರ್ಯಾದೆ ಇರಬೇಕೆಂಬುದು ಆಗ ಎಲ್ಲರಿಗೂ ಅರಿವಾಯಿತು. ಆ ಮರ್ಯಾದೆಯನ್ನು ವರ್ಷಾನುಗಟ್ಟಲೆ, ಭಯವಿಲ್ಲದ ದಿನಗಳಲ್ಲೂ ಭಯದ ದಿನಗಳಲ್ಲೂ ಕಾಪಾಡಿಕೊಂಡು ಬಂದವರಿಗೆ ಕೃತಜ್ಞತೆ ಹೇಳಲು ಸತ್ತವರು ಬರುವುದಿಲ್ಲ. ಅವರ ಪರವಾಗಿ ಹೇಳಬೇಕಾದವರು ನಾವೇ. ಸನ್ಮಾನದ ಪಟ್ಟಿಯಲ್ಲಿ ಇವರ ಹೆಸರು ಎಷ್ಟು ಸಲ ಬಂದಿದೆಯೆಂದು ಪ್ರತಿ ಸಭೆಯೂ ತನ್ನನ್ನು ಕೇಳಿಕೊಳ್ಳಬೇಕು.

ನಮ್ಮ ಸೀಮೆಯಲ್ಲಿ ಈ ವಿಚಾರಕ್ಕೆ ಚರ್ಚಿನ ಹೊರಗೂ ಆಳವಾದ ಬೇರಿದೆ. ಕುರುಗೋಡಿನಲ್ಲಿ ದೊಡ್ಡ ಬಸವೇಶ್ವರನ ಗುಡಿಯ ನೆರಳಲ್ಲೇ ಕ್ರೈಸ್ತರ ಮನೆಗಳೂ ಬಾಳುವೆ ಮಾಡುತ್ತವೆ. ಕಾಯಕ, ದಾಸೋಹಗಳ ಮಾತು ಕೇಳದೆ ಇಲ್ಲಿ ಯಾರೂ ದೊಡ್ಡವರಾಗುವುದಿಲ್ಲ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಶರಣ ಮಾರಯ್ಯನವರು ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಕಳಿಸಿದವಳು ಅವರ ಹೆಂಡತಿ ಲಕ್ಕಮ್ಮ. ಅಕ್ಕಿಯ ನಾಡಾದ ಸಿರುಗುಪ್ಪದವರಿಗೆ ಆ ಹಿಡಿ ಅಕ್ಕಿಯ ತೂಕ ಗೊತ್ತು. ಲಕ್ಕಮ್ಮ ತಡೆದದ್ದು ಅಕ್ಕಿಯ ಕೂಡಿಕೆಯನ್ನು ಮಾತ್ರವಲ್ಲ, ಪುಣ್ಯದ ಕೂಡಿಕೆಯನ್ನೂ ಎಂದು ನಾನು ಓದಿಕೊಳ್ಳುತ್ತೇನೆ. ಮಾಡಿದೆನೆಂಬ ಭಾವ ಉಳಿದರೆ ಮಾಡಿದ್ದು ಹಾಳಾಗುತ್ತದೆಂದು ಶರಣರೂ ಕಂಡಿದ್ದರು. ಹಾಗೆ ಹೇಳಿದ ಶರಣರೇ ಒಬ್ಬರನ್ನೊಬ್ಬರು ಹೆಸರು ಹಿಡಿದು ನೆನೆದರು, ಒಬ್ಬರ ಪಾದ ಇನ್ನೊಬ್ಬರಿಗೆ ದೊಡ್ಡದಾಗಿತ್ತು. ಮಡಿವಾಳರ, ಹಗ್ಗ ಹೊಸೆಯುವವರ ಹೆಸರುಗಳು ಎಂಟುನೂರು ವರ್ಷ ದಾಟಿ ನಮಗೆ ಬಂದದ್ದು ಅವರು ತಮ್ಮನ್ನು ಸಾರಿಕೊಂಡದ್ದರಿಂದಲ್ಲ, ಜೊತೆಯವರು ನೆನೆದದ್ದರಿಂದ.

ನೆನೆಯುವುದರಲ್ಲೂ ತಪ್ಪು ದಾರಿಗಳಿವೆ. ಮೊದಲನೆಯದು, ಕೊಟ್ಟವರನ್ನೂ ದುಡಿದವರನ್ನೂ ಒಂದೇ ತಕ್ಕಡಿಯಲ್ಲಿಟ್ಟು ಕೊಟ್ಟವರ ಕಡೆಗೇ ಬಾಗುವುದು. ಫ್ಯಾನು, ಕುರ್ಚಿ, ಮೈಕ್ ಸೆಟ್ ಕೊಟ್ಟವರ ಹೆಸರು ವಸ್ತುವಿನ ಮೇಲೇ ಬರೆದಿರುತ್ತದೆ. ಆ ಕುರ್ಚಿಗಳನ್ನು ವಾರವಾರ ಜೋಡಿಸಿ ಮತ್ತೆ ಒಟ್ಟುವವರ ಹೆಸರು ಎಲ್ಲಿಯೂ ಇಲ್ಲ. ಸುಗ್ಗಿಯ ಹಬ್ಬದಲ್ಲಿ ಭತ್ತದ ಚೀಲ, ಕುಂಬಳಕಾಯಿ, ಕೋಳಿ ಹರಾಜಿಗೆ ಬರುತ್ತವೆ. ಜಾಸ್ತಿ ಕೂಗಿದವರಿಗೆ ಚಪ್ಪಾಳೆ ಬೀಳುತ್ತದೆ. ಹೊಲದಲ್ಲಿ ಕೂಲಿ ಮಾಡಿ ಒಂದು ಸೇರು ತಂದಿಟ್ಟು ಹಿಂದೆ ಹೋಗಿ ಕೂತ ಅಜ್ಜಿಯ ಕಡೆ ಯಾರೂ ತಿರುಗುವುದಿಲ್ಲ. ಎರಡು ಕಾಸು ಹಾಕಿದ ವಿಧವೆಯನ್ನು ಯೇಸುಸ್ವಾಮಿ ಶಿಷ್ಯರಿಗೆ ಬೆರಳು ಮಾಡಿ ತೋರಿಸಿದ್ದು ಇದೇ ಕುರುಡಿಗೆ.

ಎರಡನೆಯದು, ಸೇವೆಯೆಂಬ ದೊಡ್ಡ ಮಾತಿನ ಮರೆಯಲ್ಲಿ ಕೆಲವರನ್ನೇ ದುಡಿಸುವುದು. ಸಮಿತಿಯಲ್ಲಿ ಮಾತಾಡುವ ಜಾಗ ಗಂಡಸರದು, ಅಡಿಗೆ ಮತ್ತು ಕಸ ಹೆಂಗಸರದು ಎಂಬ ಹಂಚಿಕೆಗೆ ದೇವರ ಹೆಸರನ್ನು ತಗುಲಿಸಬಾರದು. ಕಡಿಮೆ ಸಂಬಳಕ್ಕೆ ಚರ್ಚು ಕಾಯುವವರಿಗೆ ಸಲ್ಲಬೇಕಾದ ಕೂಲಿಯನ್ನು ಕೊಡದೆ ವರ್ಷಕ್ಕೊಂದು ಶಾಲು ಹೊದಿಸಿದರೆ ಅದು ಗೌರವವಾಗುವುದಿಲ್ಲ. ಕೂಲಿಗೆ ಕೂಲಿ, ಗೌರವಕ್ಕೆ ಗೌರವ. ಒಂದರ ಬದಲು ಇನ್ನೊಂದು ಸಲ್ಲದು.

ಮೂರನೆಯದು ಸೇವೆ ಮಾಡುವವರ ಕಡೆಯಿಂದ ಬರುವ ಅಪಾಯ. ಬಹಳ ವರ್ಷ ಒಂದೇ ಕೆಲಸ ಹಿಡಿದವರಿಗೆ ಆ ಕೆಲಸ ತನ್ನದೇ ಅನ್ನಿಸತೊಡಗುತ್ತದೆ. ಬೀರುವಿನ ಬೀಗದ ಕೈ ಬೇರೆಯವರಿಗೆ ಕೊಡಲು ಮನಸ್ಸು ಬರುವುದಿಲ್ಲ. ಹೊಸ ಹುಡುಗಿ ಕೀಬೋರ್ಡ್ ಮುಟ್ಟಿದರೆ ಹಳೆಯ ವಾದಕರಿಗೆ ಮುಖ ಸಪ್ಪಗಾಗುತ್ತದೆ. ಇದನ್ನು ನೋಡಿ ಕಿರಿಯರು ಅವರನ್ನು ಅಧಿಕಾರದ ಆಸೆಯವರೆಂದು ಬೇಗ ತೀರ್ಮಾನಿಸುತ್ತಾರೆ. ನಾನು ಹಾಗೆ ತೀರ್ಮಾನಿಸಲಾರೆ. ಎಷ್ಟೋ ಸಲ ಅವರು ಬೀಗದ ಕೈ ಬಿಡದಿರುವುದು ಆಸೆಯಿಂದಲ್ಲ, ಕೊಟ್ಟರೆ ಹಿಡಿಯುವವರು ಕಾಣದ ಭಯದಿಂದ. ಇಷ್ಟು ವರ್ಷ ಪಕ್ಕದಲ್ಲಿ ಬಂದು ನಿಂತು ಹೇಗೆ ಮಾಡುತ್ತೀರಿ ಎಂದು ಯಾರೂ ಕೇಳಿಲ್ಲ. ಆ ಕೈಬಿಗಿತದಲ್ಲಿ ಅವರ ತಪ್ಪೆಷ್ಟೋ, ಅವರನ್ನು ಒಂಟಿಯಾಗಿ ಬಿಟ್ಟ ಸಭೆಯ ತಪ್ಪೂ ಅಷ್ಟೇ.

ಹಾಗಾದರೆ ಸರಿಯಾಗಿ ನೆನೆಯುವುದು ಹೇಗೆ? ಅರಸನು ಹೇಳಿದಂತೆ ಒಂದೊಂದಾಗಿ ಹೇಳುವುದು. “ಇವರು ಸಭೆಗೆ ಅಪಾರ ಸೇವೆ ಸಲ್ಲಿಸಿದ್ದಾರೆ” ಎಂಬ ವಾಕ್ಯ ಯಾರಿಗೆ ಬೇಕಾದರೂ ಸಲ್ಲುತ್ತದೆ, ಆದ್ದರಿಂದ ಯಾರಿಗೂ ಸಲ್ಲುವುದಿಲ್ಲ. 2009ರ ನೆರೆಯಲ್ಲಿ ತುಂಗಭದ್ರೆ, ವೇದಾವತಿ ಉಕ್ಕಿ ಸಿರುಗುಪ್ಪ ಕಡೆಯ ಊರುಗಳು ಮುಳುಗಿದಾಗ ಯಾರ ಮನೆಯ ಹೊಸ್ತಿಲಿಗೆ ಅಕ್ಕಿ ಬೇಳೆ ಮುಟ್ಟಿಸಿದರೆಂಬುದನ್ನು ಆ ಮನೆಯವರೇ ಎದ್ದು ನಿಂತು ಹೇಳಲಿ. ನನ್ನ ಅಪ್ಪನನ್ನು ಮಣ್ಣು ಮಾಡಿದ ದಿನ ಇವರು ರಾತ್ರಿಯೆಲ್ಲ ನಮ್ಮ ಜಗುಲಿಯಲ್ಲಿ ಕೂತಿದ್ದರೆಂದು ಮಗ ಹೇಳಲಿ. ಕಾರ್ಯದರ್ಶಿಯ ಭಾಷಣಕ್ಕಿಂತ ಪಡೆದವರ ಎರಡು ಮಾತು ನಿಜವಾದ ಸನ್ಮಾನ. ಅಂಥ ಮಾತಿಗೆ ಹೊಗಳಿಕೆಯ ಬಣ್ಣ ಬೇಡ, ಸಾಕ್ಷಿಯ ಬಲವೇ ಸಾಕು.

ಹೇಳಿದ್ದನ್ನು ಬರೆದಿಡುವುದೂ ಬೇಕು. ಸಭೆಯಲ್ಲಿ ದೀಕ್ಷಾಸ್ನಾನದ, ಮದುವೆಯ, ಸಮಾಧಿಯ ರಿಜಿಸ್ಟರುಗಳಿವೆ. ಹುಟ್ಟು, ಮದುವೆ, ಸಾವುಗಳ ನಡುವೆ ಒಬ್ಬರು ಸಭೆಗಾಗಿ ಬದುಕಿದ್ದನ್ನು ಬರೆಯುವ ಪುಸ್ತಕವಿಲ್ಲ. ಅಂಥದೊಂದನ್ನು ಇಡಬಹುದು. ಯಾರು, ಯಾವ ಕೆಲಸ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಅವರಿಂದ ಯಾರು ಕಲಿತರು. ಹ್ಯಾಂಡ್ಸ್ ಅವರಿಗೆ ಕನ್ನಡ ಹೇಳಿಕೊಟ್ಟವರ ಹೆಸರು ನಮಗೆ ಸಿಗದಂತಾದ ಹಾಗೆ, ನಮ್ಮ ಮೊಮ್ಮಕ್ಕಳಿಗೆ ಇವರ ಹೆಸರು ಸಿಗದಂತೆ ಆಗಬಾರದು. ದೊಡ್ಡ ಸಭೆಗಳೂ ಈ ಕಡೆಗೆ ನಿಧಾನವಾಗಿ ಕಣ್ಣು ತೆರೆಯುತ್ತಿವೆ. 2021ರ ಮೇ 10ರಂದು ಪೋಪ್ ಫ್ರಾನ್ಸಿಸ್ ಅವರು ಉಪದೇಶಿಯ ಕೆಲಸಕ್ಕೆ ಸಭೆಯ ಅಧಿಕೃತ ಸೇವಾಪದವಿಯ ಮನ್ನಣೆ ಕೊಟ್ಟರು. ಗುರುಗಳಿಲ್ಲದ ಊರುಗಳಲ್ಲಿ ತಲೆಮಾರುಗಳ ಕಾಲ ಪ್ರಾರ್ಥನೆ ನಡೆಸಿ, ಮಕ್ಕಳಿಗೆ ಜಪ ಕಲಿಸಿದವರಿಗೆ ಅದು ತಡವಾಗಿ ಬಂದರೂ ಬರಬೇಕಾದ ಮನ್ನಣೆಯೇ. ಅದರ ಮರುವರ್ಷ, 2022ರ ಮೇ 15ರಂದು, ಗುರುವೂ ಅಲ್ಲದ ಸನ್ಯಾಸಿಯೂ ಅಲ್ಲದ ದೇವಸಹಾಯಂ ಅವರನ್ನು ಸಂತರೆಂದು ಘೋಷಿಸಲಾಯಿತು. ಭಾರತದ ಗೃಹಸ್ಥರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು.

ಇಷ್ಟಾದರೂ ಇನ್ನೊಂದು ಉಳಿಯುತ್ತದೆ, ಅದೇ ಮುಖ್ಯವಾದದ್ದು. ಬಾಗಿಲು ತೆಗೆದವರು, ಪೆಟ್ಟಿಗೆ ಹೊತ್ತವರು, ಕಥೆ ಹೇಳಿದವರು ತಮಗಾಗಿ ಏನನ್ನೂ ಬಯಸಲಿಲ್ಲ, ಆದರೆ ಆ ಕೆಲಸಕ್ಕಾಗಿ ಒಂದನ್ನು ಬಯಸಿದರು: ಅದು ನಿಲ್ಲಬಾರದು. ಅವರಿಗೆ ಮಂಡಿನೋವು ಬಂದಾಗ, ಕಣ್ಣು ಮಂಜಾದಾಗ ಕಾಡುವ ಚಿಂತೆ ಶಾಲಿನದಲ್ಲ, ನಾಳೆ ಯಾರು ಎಂಬುದು. ಹೀಗಾಗಿ ಗೌರವಿಸುವ ದಿನ ವೇದಿಕೆಯ ಮೇಲೆ ಒಬ್ಬರು ನಿಂತರೆ ಸಾಲದು, ಅವರ ಪಕ್ಕ ಆ ಕೆಲಸ ಕಲಿಯಲು ಒಪ್ಪಿದ ಇನ್ನೊಬ್ಬರು ನಿಲ್ಲಬೇಕು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕದಲ್ಲಿ ವಾರವೆಲ್ಲ ದುಡಿಯುವ ಹುಡುಗನಿರಲಿ, ಸಿರುಗುಪ್ಪದಿಂದ ಕಾಲೇಜಿಗೆ ಬಸ್ಸಿನಲ್ಲಿ ಬರುವ ಹುಡುಗಿಯಿರಲಿ, ತಿಂಗಳಿಗೆ ಒಂದು ಭಾನುವಾರ ಹಿರಿಯರ ಜೊತೆ ನಿಂತರೂ ಅದು ಆರಂಭವೇ. ಬೀಗದ ಕೈ ಆಗ ಕಿತ್ತುಕೊಂಡಂತೆ ಆಗುವುದಿಲ್ಲ, ಕೊಟ್ಟಂತೆ ಆಗುತ್ತದೆ. ಕೆಲಸ ಬಿಟ್ಟವರ ಮನೆಗೆ ಆಮೇಲೂ ಹೋಗುತ್ತಿರಬೇಕು. ಇಷ್ಟು ವರ್ಷ ಇತರರ ಕಾಯಿಲೆಗೆ ಓಡಾಡಿದವರು ತಾವು ಮಲಗಿದಾಗ ಬಾಗಿಲ ಕಡೆ ನೋಡುತ್ತ ಉಳಿದರೆ, ಹೊದಿಸಿದ ಶಾಲಿಗೆ ಅರ್ಥವಿಲ್ಲ.

ಪಡೆದವರ ನೆನಪು ಬಾಯಿಮಾತಿನಿಂದ ಕೈಗಿಳಿದು ಕೆಲಸವಾಗಬೇಕು. ಮಾಡಿದ್ದನ್ನು ಮರೆಯುವ ಪುಣ್ಯ ಎಲ್ಲ ಸೇವಕರಿಗೂ ತಾನಾಗಿ ಬರುವುದಿಲ್ಲ. ಕೆಲಸ ಮುಂದುವರಿಯುತ್ತದೆಂದು ಗಟ್ಟಿಯಾದ ಮೇಲೆಯೇ ಅವರು ಅದನ್ನು ಮನಸ್ಸಿನಿಂದಲೂ ಕೆಳಗಿಡಬಲ್ಲರು. ಆ ಧೈರ್ಯವನ್ನು ಅವರಿಗೆ ಕೊಡುವುದು ಸಭೆಯ ಕರ್ತವ್ಯ, ಅದನ್ನು ಮಾಡಿದ ಸಭೆಗೆ ಹೆಚ್ಚು ಹಾರಗಳು ಬೇಕಾಗುವುದಿಲ್ಲ.